ತಕ್ಕಡಿ ಹಾಡು ಮತ್ತು ಬೂಟ್ ಪಾಲಿಶ್

ಜೂನ್ 3

ಗೋಡೆ ಬರೆಯುವ ತಮ್ಮನಿಗೆ,

ಕಿವಿ ಇರುವ ಸಕಲರಿಗೂ ಈ ಮೂಲಕ ತಿಳಿಯಪಡಿಸುವುದೇನೆಂದರೆ: ರ್‍ಯಾಪ್ ಗಾಯಕ ಕೊಕ್ಕೆಯ ಹಾಡುಗಳಲ್ಲಿ ಅತ್ಯುತ್ತಮವಾದ ಐದು ಯಾವುವು ಎಂಬ, ಸಾಮ್ರಾಜ್ಯಗಳು ಉರುಳಿದರೂ ಬಗೆಹರಿಯದ ಪ್ರಶ್ನೆಗೆ ಇಂದು ಬೆಳಿಗ್ಗೆ, ಬಾಯಿಬಿಟ್ಟ ಬೂಟೊಂದಕ್ಕೆ ಅಟ್ಟೆ ಹೊಲಿಯುತ್ತ ಕೂತಿದ್ದಾಗ, ನಾನು ಅಂತಿಮ ತೀರ್ಪು ಕೊಟ್ಟಿದ್ದೇನೆ. ಮೇಲ್ಮನವಿಗೆ ಅವಕಾಶವಿಲ್ಲ.

ತೀರ್ಪಿನ ಅಗತ್ಯ ಯಾಕೆ ಬಿತ್ತು ಎಂದು ನಿನಗೆ ಚೆನ್ನಾಗಿ ಗೊತ್ತು. ಕೊಕ್ಕೆ ಅಭಿಮಾನಿ ಬಳಗದವರು ನನ್ನ ರಿಪೇರಿ ಅಂಗಡಿಗೆ ನೇರ ಎದುರಿಗಿರುವ ಗೋಡೆಯ ಮೇಲೆ ‘ಅಭಿಮಾನಿಯ ಮೆಚ್ಚಿನ ಐದು’ ಎಂದು ಆಳೆತ್ತರದ ಅಕ್ಷರಗಳಲ್ಲಿ ಬರೆಸಿದ್ದಾರೆ. ಬರೆದ ಕೈ ನಿನ್ನದು. ಅಭಿಮಾನಿಯೂ ನೀನೇ. ಊರಲ್ಲಿ ಇನ್ನೊಂದು ಗೋಡೆ ಸಿಗಲಿಲ್ಲವೇ? ದಬ್ಬಣದಿಂದ ತಲೆ ಎತ್ತಿದರೆ ನಿನ್ನ ಅಭಿರುಚಿ ನನ್ನ ಕಣ್ಣಿಗೆ ಹೊಡೆಯುತ್ತದೆ. ಅದನ್ನು ಓದಿದಾಗಿನಿಂದ ಎಡಗಿವಿಯಲ್ಲಿ ಗುಂಯ್ ಎನ್ನುತ್ತಿದೆ. ಅದಕ್ಕೂ ನೀನೇ ಹೊಣೆ.

ಈಗ ನನ್ನ ಪಟ್ಟಿ. ಐದನೆಯದು ‘ಲಿಫ್ಟ್ ಕೆಟ್ಟಿದೆ’. ಮೆಟ್ಟಿಲು ಹತ್ತುತ್ತ ಹತ್ತುತ್ತ ಉಸಿರು ಕಟ್ಟಿ, ಕೊನೆಗೆ ಏದುಸಿರನ್ನೇ ತಾಳ ಮಾಡಿಕೊಳ್ಳುತ್ತಾನಲ್ಲ, ಅದಕ್ಕೆ. ನಾಲ್ಕನೆಯದು ‘ನಿನ್ನ ಬಾಯಿಗೆ ಬೀಗ’. ಯಾರನ್ನು ನೆನೆದು ಕೇಳುತ್ತೇನೆಂದು ಬಿಡಿಸಿ ಹೇಳಬೇಕಿಲ್ಲ. ಮೂರು ‘ಹಳೇ ಬೂಟು’, ಅದು ವೃತ್ತಿಧರ್ಮ. ಎರಡು ‘ಬಾಡಿಗೆ ಮನೆ ಗೋಡೆ’, ಅದರ ಮೌನಕ್ಕಾಗಿ. ಒಂದು ‘ತಕ್ಕಡಿ’.

ನಿನ್ನ ಗೋಡೆಯಲ್ಲೂ ‘ತಕ್ಕಡಿ’ಯೇ ಒಂದನೆಯದು. ಅಷ್ಟಕ್ಕೆ ಬಿಟ್ಟಿದ್ದರೆ ಕ್ಷಮಿಸುತ್ತಿದ್ದೆನೋ ಏನೋ. ಪಕ್ಕದಲ್ಲಿ ಕೆಂಪು ಬಣ್ಣದಲ್ಲಿ ‘ಬೆದರಿಕೆ ಹಾಡುಗಳ ರಾಜ’ ಎಂದು ಬರೆದಿದ್ದೀಯ. ಬೆದರಿಕೆಯೇ? ಅಷ್ಟು ಅಕ್ಕರೆಯ ಹಾಡನ್ನು ಕೊಕ್ಕೆ ಅದರ ಹಿಂದೆ ಬರೆದಿಲ್ಲ, ಮುಂದೆ ಬರೆದಿಲ್ಲ. ನಿನ್ನ ಕಿವಿಗೆ ಬಣ್ಣ ಹೊಕ್ಕಿರಬೇಕು.

ನಾಲ್ಕು ವರ್ಷದಿಂದ ನಿನ್ನೊಡನೆ ಮಾತಿಲ್ಲ. ಫೋನಿನಲ್ಲಿ ನಿನ್ನ ನಂಬರಿಗೆ ಹಾಕಿದ ತಡೆ ಹಾಗೇ ಇದೆ, ಹಾಗೇ ಇರುತ್ತದೆ. ಆದ್ದರಿಂದ ಈ ಕಾಗದ. ಭಾನುವಾರ ನನ್ನನ್ನು ನೋಡಲು ಬರುವ ಅಮ್ಮ ಹಿಂದಿರುಗಿದಾಗ ಕೊಡುತ್ತಾಳೆ.

ಕೆಂಪು ಸಾಲನ್ನು ಅಳಿಸು.

ಇಷ್ಟವಿಲ್ಲದೆ ನಿನ್ನ
ಅಕ್ಕ


ಜೂನ್ 9

ಸನ್ಮಾನ್ಯ ಹಿಮ್ಮಡಿ ಅಕ್ಕನವರಿಗೆ,

ತೀರ್ಪಿನ ಪ್ರತಿ ತಲುಪಿತು. ಅಮ್ಮ ಅದನ್ನು ಬಿಚ್ಚಿ, ಓದಿ, ಮತ್ತೆ ಅಂಟಿಸಿ, “ನಾನೇನೂ ಓದಿಲ್ಲಪ್ಪ, ಆದ್ರೆ ಸ್ವಲ್ಪ ಜಾಸ್ತಿನೇ ಬೈದಿದಾಳೆ” ಎಂದು ಹೇಳಿ ಕೊಟ್ಟಳು.

ಗೋಡೆಯನ್ನು ಆರಿಸಿದ್ದು ಬಳಗ, ನಾನಲ್ಲ. ನಾನಾಗಿದ್ದರೆ ನಿನ್ನ ಅಂಗಡಿಯ ಛಾವಣಿಯನ್ನೇ ಕೇಳುತ್ತಿದ್ದೆ. ಕೆಂಪು ಸಾಲು ಅಳಿಸುವುದಿಲ್ಲ. ನಾನು ಬರೆದದ್ದನ್ನು ಅಳಿಸುವ ಕೆಲಸಕ್ಕೆ ನಮ್ಮ ಮನೆತನದಲ್ಲಿ ಆಗಲೇ ಒಬ್ಬರು ನೇಮಕವಾಗಿದ್ದಾರೆ.

ನೆನಪಿದೆಯೇ? ನಿನ್ನ ಅಂಗಡಿಯ ಶಟರ್ ಮೇಲೆ ನಾನು ಎರಡು ದಿನ ಬಿಸಿಲಲ್ಲಿ ನಿಂತು ಬರೆದ ಸಾಲಿಗೆ ನೀನು ಕರಿ ಬೂಟ್ ಪಾಲಿಶ್ ಬಳಿದೆ. ಅದೂ ಎಲ್ಲರೆದುರು, ಚಪ್ಪಲಿ ಒರೆಸುವ ಚಿಂದಿಯಿಂದ. ಒಂದೊಂದು ಅಕ್ಷರಕ್ಕೂ ಬೂದು ನೆರಳು ಕೊಟ್ಟಿದ್ದೆ. ದೀರ್ಘದ ಬಾಲ ಹಾರುವ ಹಕ್ಕಿಯ ಹಾಗೆ ಬಂದಿತ್ತು. ನಿನ್ನ ಪಕ್ಕದಂಗಡಿಯ ಕೀಲಿಕೈಯವನು ಅದನ್ನು ಊರಿಗೆಲ್ಲ ಸಾರಿದ. “ಒಡಹುಟ್ಟಿದವಳೇ ಇವನ ಬರಹದ ಮೇಲೆ ಮಸಿ ಬಳಿದಳು” ಎಂದು ಕೇಳಿದ ಮೇಲೆ ಯಾವ ಅಂಗಡಿಯವನು ನನ್ನನ್ನು ಕರೆದಾನು? ಆ ವರ್ಷವೆಲ್ಲ ‘ಇಲ್ಲಿ ವಾಹನ ನಿಲ್ಲಿಸಬೇಡಿ’ ಬರೆದುಕೊಂಡು ಬದುಕಿದೆ.

ಇನ್ನು ಹಾಡಿನ ವಿಷಯ. ನಿನ್ನ ಪಟ್ಟಿ ಓದಿ ನಕ್ಕೆ. ‘ಬಾಡಿಗೆ ಮನೆ ಗೋಡೆ’ಯಲ್ಲಿ ಮೌನವೇ? ಆ ಹಾಡಿನ ಉದ್ದಕ್ಕೂ ಪಕ್ಕದ ಮನೆಯವನು ಮೊಳೆ ಹೊಡೆಯುತ್ತಾನೆ! ಢಣ್ ಢಣ್ ಎಂಬ ಆ ಸದ್ದೇ ಹಾಡಿನ ಪ್ರಾಣ. ಅದು ಕೇಳಿಸದವಳು ಕೊಕ್ಕೆಯ ಅಭಿಮಾನಿ ಎಂದು ಹೇಳಿಕೊಳ್ಳಬಾರದು.

ಕೊಕ್ಕೆಯನ್ನು ನಿನಗೆ ಪರಿಚಯಿಸಿದ್ದೇ ನಾನು. ಪ್ಲೇಯರ್ ನನ್ನದು. ಅದಕ್ಕೆ ಸ್ಪೀಕರ್ ಇರಲಿಲ್ಲ, ಇದ್ದದ್ದು ಒಂದೇ ಇಯರ್‌ಫೋನ್. ಉದಾರ ಮನಸ್ಸಿನಿಂದ ಎಡದ ಗುಂಡಿ ನಿನಗೆ ಕೊಟ್ಟು ಬಲದ್ದು ನಾನಿಟ್ಟುಕೊಂಡೆ. ತಂತಿ ಗೇಣುದ್ದ. ತಲೆಗೆ ತಲೆ ತಾಗಿಸಿ ಕೂತು ನಿನ್ನ ತಲೆಯ ಹೇನೆಲ್ಲ ನನಗೆ ಬಂತು. ಆ ಉಪಕಾರಕ್ಕೆ ಸಿಕ್ಕಿದ್ದು ಪಾಲಿಶ್.

‘ತಕ್ಕಡಿ’ ಬೆದರಿಕೆಯ ಹಾಡೇ. ಗೋಡೆಯೂ ಅಲ್ಲೇ ಇರುತ್ತದೆ.

ನಿನ್ನ ಬಾಳಿನ ಅಕ್ಷರದೋಷ,
ತಮ್ಮ


ಜೂನ್ 15

ಅಕ್ಷರದೋಷಕ್ಕೆ,

ಹೇನು ನಿನ್ನಿಂದ ನನಗೆ ಬಂದದ್ದು. ದಾಖಲೆ ಸರಿಯಾಗಿರಲಿ.

ಮಸಿ ಬಳಿದ ಕತೆಯನ್ನು ಅರ್ಧದಿಂದ ಶುರು ಮಾಡಿದ್ದೀಯ. ಮೊದಲರ್ಧ ನಾನು ಹೇಳುತ್ತೇನೆ. ಅಂಗಡಿ ತೆರೆಯುವ ವಾರ ನಿನ್ನನ್ನು ಕರೆದು ಕೇಳಿದ್ದೇನು? “ಶಟರ್ ಮೇಲೆ ನಮ್ಮ ತಕ್ಕಡಿ ಹಾಡಿನ ಪಲ್ಲವಿ ಬರಿಯೋ, ಆ ಸಾಲು ಇದ್ರೆ ನಂಗೆ ಧೈರ್ಯ” ಎಂದೆ. “ಆಯ್ತು ಬಿಡೆ, ಬಾಯಿಪಾಠ ಇದೆ” ಎಂದೆ ನೀನು. ನಾನು ಎರಡೂ ದಿನ ಹಿಂಬಾಗಿಲಿಂದ ಬಂದು ಒಳಗೆ ಗೂಟ ಹೊಡೆಯುತ್ತಿದ್ದೆ, ಮುಂದಕ್ಕೆ ಬಂದು ನೋಡಲಿಲ್ಲ. ಬೆಳಿಗ್ಗೆ ನೀನೇ ಶಟರ್ ಎತ್ತಿದೆ. ಎತ್ತಿದ ಮೇಲೆ ಸಾಲು ಸುರುಳಿ ಸುತ್ತಿಕೊಂಡು ಮೇಲೆ ಹೋಯಿತು. ಹಗಲೆಲ್ಲ ಜನ ಬಂದರು, ಹೊಗಳಿದರು. ಸಂಜೆ ನಂಟರು, ನೆರೆಯವರು, ನನಗೆ ಕೆಲಸ ಕಲಿಸಿದ ಮುದುಕ ಮೇಸ್ತ್ರಿ ಎಲ್ಲ ರಸ್ತೆಯಲ್ಲಿ ನಿಂತಿದ್ದಾಗ ಶಟರ್ ಎಳೆದೆ. ಗಡಗಡನೆ ಇಳಿಯಿತು. ಕೀಲಿಕೈಯವನು, ಅವನಿಗೆ ಓದು ಬರುತ್ತದೆಂಬುದು ಆವತ್ತೇ ಗೊತ್ತಾದದ್ದು, ಗಟ್ಟಿಯಾಗಿ ಓದಿದ:

ಎಷ್ಟು ದಿನ ನಡೆಯುತ್ತೋ ನೋಡೇಬಿಡೋಣ!

ಹೊಸ ಅಂಗಡಿಯ ಬಾಗಿಲಿಗೆ! ರಸ್ತೆಗೆ ರಸ್ತೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಸ್ತ್ರಿ ಮಾತ್ರ ನಗಲಿಲ್ಲ. “ನಿನ್ ತಮ್ಮನಿಗೇ ನಿನ್ ಮೇಲೆ ನಂಬ್ಕೆ ಇಲ್ವಲ್ಲಮ್ಮ” ಎಂದರು. ಕೈಗೆ ಸಿಕ್ಕಿದ್ದು ಪಾಲಿಶ್ ಡಬ್ಬಿ. ಡಾಂಬರು ಸಿಕ್ಕಿದ್ದರೆ ಅದನ್ನೇ ಬಳಿಯುತ್ತಿದ್ದೆ.

ಹಾಡಿನಲ್ಲಿರುವ ಸಾಲು ನಿನಗೂ ಗೊತ್ತು: ‘ನಾನಿದ್ದೀನಿ ಹಿಂದೆ, ನೀನು ಮುಂದೆ ನಡಿ.’ ಚಿಕ್ಕಂದಿನಿಂದಲೂ ನಾನು ಸರಿಯಾಗಿ ಹಾಡಿದರೆ ನೀನು ಬೇಕೆಂದೇ ತಿರುಚಿ ಕೂಗುತ್ತಿದ್ದೆ. ಆಗ ಅದು ಚೇಷ್ಟೆ ಎಂದುಕೊಂಡಿದ್ದೆ. ಶಟರಿನ ಮೇಲೆ ಬರೆದ ಮೇಲೆ ಅದು ಚೇಷ್ಟೆಯಲ್ಲ.

ಮೊಳೆ ಹೊಡೆಯುವ ಸದ್ದಂತೆ! ಯಾವ ಮೊಳೆ? ನಿನ್ನ ತಲೆಯೊಳಗೆ ಹೊಡೆಯುತ್ತಿರಬೇಕು.

ನಿನ್ನ ಗೋಡೆಗೆ ಬೆನ್ನು ಹಾಕಿ ಕೂತಿರುವ
ಅಕ್ಕ

ಅಮ್ಮನಿಗೆ: ನೀನು ಓದುತ್ತೀಯೆಂದು ಗೊತ್ತು. ಡಾಕ್ಟರು ಹೇಳಿದ್ದನ್ನು ಅವನಿಗೆ ಹೇಳಬೇಡ. (ತಮ್ಮನಿಗೆ: ಈ ಸಾಲು ಅಮ್ಮನದು. ಓದಬೇಡ.)


ಜೂನ್ 22

ಹಿಮ್ಮಡಿ ಅಕ್ಕನವರಿಗೆ,

ಓದಬೇಡ ಎಂದ ಸಾಲನ್ನು ಓದಿಲ್ಲ. ಯಾವ ಡಾಕ್ಟರು?

ಅಮ್ಮನನ್ನು ಕೇಳಿದೆ. “ಅವಳು ಹೇಳ್ಬೇಡ ಅಂದಿದಾಳೆ, ಆಪರೇಷನ್ ವಿಷ್ಯ ನಾನು ಯಾಕೆ ಬಾಯಿ ಬಿಡ್ಲಿ” ಎಂದಳು. ಗುಟ್ಟು ಕಾಯಲು ನೀನು ಆರಿಸಿದ ಬ್ಯಾಂಕು ಚೆನ್ನಾಗಿದೆ. ಯಾವುದಕ್ಕೆ ಆಪರೇಷನ್? ನಾಲಿಗೆಗೆ ಎಂದಾದರೆ ಡಾಕ್ಟರಿಗೆ ನನ್ನ ಹಾರೈಕೆ ತಿಳಿಸು. ಬೇರೆ ಯಾವುದಕ್ಕಾದರೂ ಎಂದಾದರೆ ಬರೆ. ಬರೆಯದಿದ್ದರೂ ನನಗೇನೂ ಇಲ್ಲ. ಆದರೆ ಬರೆ.

ಆ ಸಾಲಿನ ವಿಷಯ. ‘ನಾನಿದ್ದೀನಿ ಹಿಂದೆ’ ಎಂಬುದು ಆ ಹಾಡಿನಲ್ಲಿ ಎಲ್ಲಿಯೂ ಇಲ್ಲ. ನೀನು ಹಾಡಿದ್ದನ್ನು ಕೇಳಿ ಕೇಳಿ ನನಗೂ ಬಾಯಿಪಾಠವಾಗಿದೆ, ಅಷ್ಟೇ. ಅಂಥ ಸಕ್ಕರೆ ಪಾಕದ ಸಾಲು ಕೊಕ್ಕೆಯ ಬಾಯಲ್ಲಿ ಬಂದೀತೇ? ಪಲ್ಲವಿ ನಾನು ಬರೆದದ್ದೇ. ಚೇಷ್ಟೆ ಮಾಡಿದ್ದು ನೀನು, ತಿರುಚಿದ್ದೂ ನೀನು. ಅಂಗಡಿ ನಡೆಯುತ್ತದೆ, ಬೂಟೂ ನಡೆಯುತ್ತದೆ, ಎಷ್ಟು ದಿನವೋ ನೋಡೇಬಿಡೋಣ ಎಂದು ಊರಿಗೇ ಸವಾಲು ಹಾಕಿದ ಹಾಗಿದೆ ಎಂದು ನಾನು ಹಿಗ್ಗಿ ಬರೆದಿದ್ದೆ. ನಿನಗೆ ಅದು ಶಾಪವಾಗಿ ಕೇಳಿಸಿದರೆ ನಾನೇನು ಮಾಡಲಿ.

ಸಾಕ್ಷಿ ಬೇಕಲ್ಲವೇ? ಅದೇ ಹಳೆಯ ಪ್ಲೇಯರ್, ಅದೇ ಇಯರ್‌ಫೋನ್ ಅಮ್ಮನ ಕೈಲಿ ಕಳಿಸುತ್ತಿದ್ದೇನೆ. ಚಾರ್ಜ್ ಮಾಡಿದ್ದೇನೆ. ಕೇಳು. ಕೇಳಿ, ಎದುರು ಗೋಡೆಯ ಕಡೆ ತಿರುಗಿ ಕೂತು, ಕ್ಷಮೆ ಕೇಳು. ಗೋಡೆ ನನಗೆ ತಲುಪಿಸುತ್ತದೆ.

ಮಸಿ ಬಳಿಸಿಕೊಂಡ,
ತಮ್ಮ


ಜುಲೈ 20

ಕಳ್ಳನಿಗೆ,

ಬರೆಯುವುದು ತಡವಾಯಿತು. ತಲೆ ಸುತ್ತು ಇತ್ತು. ಎಡಗಿವಿಯ ಹಿಂದಿನ ಮೂಳೆಗೆ ಸೋಂಕು ಹತ್ತಿದೆಯಂತೆ, ಕೊರೆದು ತೆಗೆಯಬೇಕು. ಆಮೇಲೆ ಆ ಕಿವಿ ಕೇಳಿಸಲೂಬಹುದು, ಕೇಳಿಸದಿರಲೂಬಹುದು ಎನ್ನುತ್ತಾರೆ. ಈಗಂತೂ ಅದು ಬಾಗಿಲು ಹಾಕಿಕೊಂಡಿದೆ, ಹತ್ತಿರದಲ್ಲೇ ಕೂಗಿದರೆ ಮಾತ್ರ ಸಂದಿಯಿಂದ ಒಂದಿಷ್ಟು ನುಸುಳುತ್ತದೆ. ಅಮ್ಮ ಹೇಗೂ ಕಂತು ಕಂತಾಗಿ ಬಿಡುತ್ತಾಳೆಂದು ನಾನೇ ಬರೆದೆ. ಕನಿಕರ ತೋರಿಸಿದರೆ ಕಾಗದ ಬಿಚ್ಚದೆ ವಾಪಸು ಕಳಿಸುತ್ತೇನೆ.

ವಿಷಯಕ್ಕೆ ಬರುತ್ತೇನೆ. ಎಡಗಿವಿ ಕೆಲಸಕ್ಕೆ ಬಾರದ್ದರಿಂದ ಬಲದ ಗುಂಡಿಯನ್ನು ಬಲಗಿವಿಗೆ ಹಾಕಿ ನಿನ್ನ ಸಾಕ್ಷಿಯನ್ನು ಕೇಳಿದೆ. ನೀನು ಇಷ್ಟು ಕೆಳಗಿಳಿಯುತ್ತೀಯೆಂದು ತಿಳಿದಿರಲಿಲ್ಲ. ಅದರಲ್ಲಿರುವುದು ಕೊಕ್ಕೆಯ ಹಾಡುಗಳೇ ಅಲ್ಲ! ‘ತಕ್ಕಡಿ’ಯಲ್ಲಿ ನನ್ನ ಸಾಲೇ ಇಲ್ಲ. ಬೇರೆ ಯಾರೋ ಒರಟು ಗಂಟಲಿನವನನ್ನು ಹಿಡಿದು, ನಿನ್ನ ಸಾಲನ್ನು ಹಾಡಿಸಿ ತುಂಬಿದ್ದೀಯ. ‘ಬಾಡಿಗೆ ಮನೆ ಗೋಡೆ’ಯಲ್ಲಿ ಢಣ್ ಢಣ್ ಎಂದು ಮೊಳೆ ಬೇರೆ ಹೊಡೆಸಿದ್ದೀಯ. ನನ್ನೊಂದಿಗಿನ ಜಗಳ ಗೆಲ್ಲುವುದಕ್ಕೆ ಸ್ಟುಡಿಯೋ ಬಾಡಿಗೆಗೆ ಹಿಡಿದೆಯಾ? ಆ ಛಲದಲ್ಲಿ ಕಾಲುಭಾಗ ಓದಿನಲ್ಲಿ ತೋರಿಸಿದ್ದರೆ ಏಣಿ ಹತ್ತುವ ಗತಿ ಬರುತ್ತಿರಲಿಲ್ಲ.

ನನಗೆ ಆ ಹಾಡು ಏನೆಂದು ನಿನಗೆ ಗೊತ್ತಿತ್ತು. ಅಪ್ಪ ಮನೆ ಬಿಟ್ಟು ಹೋದ ವರ್ಷ ಅದೊಂದನ್ನೇ ತಿರುಗಿಸಿ ತಿರುಗಿಸಿ ಕೇಳುತ್ತಿದ್ದೆವು. ಕಿವಿ ಹೋಗುವ ಮೊದಲು ಒಂದು ಸಲ ಅದನ್ನು ಕೇಳೋಣವೆಂದು ಹಾಕಿಕೊಂಡೆ. ಅದನ್ನೂ ಕೆಡಿಸಿ ಕಳಿಸಿದೆ.

ತಗೋ ನಿನ್ನ ಪ್ಲೇಯರ್. ಇನ್ನು ಬರೆಯಬೇಡ.

ಅಕ್ಕ


ಜುಲೈ 27

ಅಕ್ಕ,

ಬರೆಯಬೇಡ ಎಂದೆ. ಬರೆಯುತ್ತಿದ್ದೇನೆ. ಬಿಚ್ಚದೆ ವಾಪಸು ಕಳಿಸಲು ನಿನಗಾಗುವುದಿಲ್ಲ. ನಿನ್ನ ಪಟ್ಟಿಯ ನಾಲ್ಕನೆಯ ಹಾಡು ‘ನಿನ್ನ ಬಾಯಿಗೆ ಬೀಗ’ವನ್ನು ನಾನು ಎಷ್ಟು ಪಾಲಿಸುತ್ತೇನೋ, ನೀನೂ ಅಷ್ಟೇ ಪಾಲಿಸುತ್ತೀಯ.

ಮೊದಲು ಆರೋಪಕ್ಕೆ ಉತ್ತರ. ಫೋನಿನಲ್ಲಿ ಅಲಾರಂ ಬದಲಿಸಲು ನಾನು ಇವತ್ತಿಗೂ ಅಮ್ಮನನ್ನು ಕರೆಯುತ್ತೇನೆ. ಹಾಡು ಬದಲಿಸುತ್ತೇನೆಯೇ? ನಿನ್ನ ಕಾಗದ ಓದಿ ಎಷ್ಟು ಸಿಟ್ಟು ಬಂತೆಂದರೆ, ಒಂದು ದಂತವೈದ್ಯರ ಬೋರ್ಡಿನಲ್ಲಿ ‘ಹಲ್ಲು ಕೀಳಲಾಗುವುದು’ ಎಂದು ಬರೆಯುವ ಜಾಗದಲ್ಲಿ ‘ಅಕ್ಕ’ ಎಂದು ಬರೆದುಬಿಟ್ಟಿದ್ದೆ.

ಈಗ ನಡೆದದ್ದು ಕೇಳು. ಅಮ್ಮ ನಿನ್ನಲ್ಲಿಂದ ಬರುವಾಗ ಬಸ್ಸು ಕೆಟ್ಟು ನಿಂತಿತಂತೆ. ಹೊತ್ತು ಹೋಗಲೆಂದು ಆ ಪ್ಲೇಯರನ್ನು ಚೀಲದಿಂದ ತೆಗೆದು, ಎರಡು ಕಿವಿಗೂ ಎರಡು ಗುಂಡಿ ಸಿಕ್ಕಿಸಿಕೊಂಡಳು. ಸ್ವಲ್ಪ ಯೋಚಿಸು, ಅಕ್ಕ. ನಮ್ಮ ಮನೆಯಲ್ಲಿ ಆ ಇಯರ್‌ಫೋನನ್ನು ಎರಡು ಕಿವಿಗೂ ಹಾಕಿಕೊಂಡ ಮೊದಲ ಮನುಷ್ಯಪ್ರಾಣಿ ಅಮ್ಮ. ನಾನು ದೊಡ್ಡವನಾದ ಮೇಲೂ ಬಲದ್ದೊಂದೇ ಹಾಕುವುದು. ಏಣಿಯ ಕೆಳಗಿನವರು ಕೂಗಿದರೆ ಕೇಳಿಸಬೇಕಲ್ಲ. ನೀನೂ ಅಂಗಡಿಯಲ್ಲಿ ಫೋನಿನಿಂದ ಹಾಡು ಕೇಳುವಾಗ ಗಿರಾಕಿಗಾಗಿ ಬಲಗಿವಿ ಬಿಟ್ಟುಕೊಂಡು ಎಡದ್ದೊಂದೇ ಹಾಕುತ್ತಿದ್ದೆಯೆಂದು ಅಮ್ಮ ಹೇಳಿದಳು.

ಅಮ್ಮ ಮನೆಗೆ ಬಂದವಳೇ ಚೀಲ ಇಳಿಸುವ ಮೊದಲೇ ಅಂದಳು: “ಅಯ್ಯೋ, ಇದ್ರಲ್ಲಿ ಒಬ್ಬ ಅಲ್ವಲ್ಲೋ, ಇಬ್ರು ಇದಾರೆ! ಒಬ್ಬ ಈ ಕಿವೀಲಿ, ಇನ್ನೊಬ್ಬ ಆ ಕಿವೀಲಿ. ಸುಮ್ನೆ ಕಚ್ಚಾಡ್ತಾರೆ, ಥೇಟ್ ನಿಮ್ಮಿಬ್ರ ಥರಾನೇ.”

ನಾನು ಕೂತು ಕೇಳಿದೆ. ಎರಡೂ ಗುಂಡಿ ಹಾಕಿ.

‘ಬಾಡಿಗೆ ಮನೆ ಗೋಡೆ’ಯಲ್ಲಿ ಎಡಗಡೆ ಒಬ್ಬ ಸದ್ದು ಮಾಡದೆ ಬದುಕುತ್ತಾನೆ, ಬಲಗಡೆ ಪಕ್ಕದ ಮನೆಯವನು ಮೊಳೆ ಹೊಡೆಯುತ್ತಾನೆ. ನಡುವೆ ಗೋಡೆ. ನಾವಿಬ್ಬರೂ ಗೋಡೆಯ ಒಂದೊಂದು ಕಡೆ ಕೂತು, ಇರುವುದೇ ಇಷ್ಟು ಎಂದುಕೊಂಡಿದ್ದೆವು. ‘ತಕ್ಕಡಿ’ಯಲ್ಲಿ ಎಡದ ತಟ್ಟೆಯಲ್ಲಿ ನಿನ್ನವನು, ಬಲದ ತಟ್ಟೆಯಲ್ಲಿ ನನ್ನ ಒರಟು ಗಂಟಲಿನವನು. ನಿನ್ನವನು ‘ನಾನಿದ್ದೀನಿ ಹಿಂದೆ, ನೀನು ಮುಂದೆ ನಡಿ’ ಎನ್ನುತ್ತಾನೆ. ಅದರ ಮೇಲೇ ನನ್ನವನು ‘ಎಷ್ಟು ದಿನ ನಡೆಯುತ್ತೋ ನೋಡೇಬಿಡೋಣ’ ಎಂದು ಹಾರುತ್ತಾನೆ. ಇಬ್ಬರೂ ‘ನಡ’ ಎಂಬಲ್ಲಿಗೆ ಒಂದೇ ಏಟಿಗೆ ಬಂದು ಬೀಳುತ್ತಾರೆ. ನಾವು ತಲೆ ತಾಗಿಸಿ ಕೂತು ಅಲ್ಲೇ ಒಟ್ಟಿಗೆ ಕಿರುಚುತ್ತಿದ್ದೆವಲ್ಲ? ಅದೊಂದೇ ಜಾಗದಲ್ಲಿ ನಾವಿಬ್ಬರೂ ಒಂದೇ ಹಾಡು ಕೇಳುತ್ತಿದ್ದೆವು. ಉಳಿದಲ್ಲೆಲ್ಲ ನೀನು ತಿರುಚುತ್ತಿದ್ದೀಯೆಂದು ನಾನು ಹೊಡೆದೆ, ನಾನು ತಿರುಚುತ್ತಿದ್ದೇನೆಂದು ನೀನು ಹೊಡೆದೆ, ಅಮ್ಮ ಬಂದು ಇಬ್ಬರಿಗೂ ಹೊಡೆದು ಪ್ಲೇಯರ್ ಕಿತ್ತುಕೊಂಡು ಹೋದಳು.

ಇದರಿಂದ ತಪ್ಪು ನನ್ನದೆಂದು ಸಾಬೀತಾಗುವುದಿಲ್ಲ. ತಪ್ಪು ತಂತಿಯದು. ಗೇಣುದ್ದದ ತಂತಿ ಮಾಡಿದವನನ್ನು ಹಿಡಿದು ಕೇಳಬೇಕು. ಕೆಂಪು ಸಾಲು ಮಾತ್ರ ಅಳಿಸಿದ್ದೇನೆ. ನಿನಗಾಗಿ ಅಲ್ಲ, ಅಕ್ಷರ ಸ್ವಲ್ಪ ವಾಲಿತ್ತು.

ಎಡಗಿವಿ ಎಂದು ಬರೆದಿದ್ದೀಯ. ನಿನ್ನ ಅರ್ಧ ಇದ್ದದ್ದು ಅದರಲ್ಲೇ ಅಲ್ಲವೇ.

ಆಪರೇಷನ್ ಯಾವತ್ತು? ಯಾರು ಬರುತ್ತಾರೆ ಜೊತೆಗೆ? ಇದು ಕನಿಕರವಲ್ಲ, ವಿಚಾರಣೆ.

ತಮ್ಮ


ಆಗಸ್ಟ್ 2

ವಿಚಾರಣಾಧಿಕಾರಿಗಳಿಗೆ,

ಬಿಚ್ಚಿದೆ. ಹೌದು. ಮಾತಾಡಬೇಡ.

ನಿನ್ನ ಕೊನೆಯ ಸಾಲಿನಲ್ಲಿ ಅಳುಮೋರೆ ಕಂಡಿತು. ಒರೆಸಿಕೋ. ನೀನು ಲೆಕ್ಕವನ್ನೇ ತಪ್ಪು ಹಾಕಿದ್ದೀಯ. ನನ್ನ ಅರ್ಧ ನನಗೆ ಕಿವಿಯಲ್ಲಿಲ್ಲ, ಬಾಯಲ್ಲಿದೆ. ನಿದ್ದೆಯಲ್ಲಿ ಎಬ್ಬಿಸಿದರೂ ಹಾಡುತ್ತೇನೆ. ಬಲಗಿವಿ ಗಟ್ಟಿಯಾಗಿದೆ, ನಿನ್ನ ಒರಟು ಗಂಟಲಿನವನು ಅದರಲ್ಲಿ ಬರುತ್ತಾನೆ. ಎಡಗಿವಿ ಹೋದರೂ, ಗುಂಡಿ ಬಲಕ್ಕೆ ಸಿಕ್ಕಿಸಿಕೊಂಡು ನನ್ನ ಸಾಲು ನಾನೇ ಹಾಡಿದರೆ ನನಗೆ ಹಾಡು ಪೂರ್ತಿ. ಮೊನ್ನೆ ಅಮ್ಮ ಮತ್ತೆ ತಂದುಕೊಟ್ಟ ಪ್ಲೇಯರಿನಲ್ಲಿ ಹಾಗೇ ಮಾಡಿದೆ. ಗಿರಾಕಿಯೊಬ್ಬಳು ಹೆದರಿ ಚಪ್ಪಲಿ ಬಿಟ್ಟು ಓಡಿದಳು. ನಿನಗೆ ಎರಡು ಕಿವಿ ಇದ್ದೂ ಇಷ್ಟು ವರ್ಷ ಅರ್ಧವೇ. ಈಗ ಯಾರು ಯಾರಿಗೆ ಕನಿಕರ ತೋರಿಸಬೇಕು ಹೇಳು?

ಒರಟು ಗಂಟಲಿನವನ ಬಗ್ಗೆ ನನ್ನ ತೀರ್ಪು: ಅವನು ಬೆದರಿಸುತ್ತಿಲ್ಲ. ಹೆದರಿದ್ದಾನೆ. ಹೆದರಿದ್ದನ್ನು ತೋರಿಸಬಾರದೆಂದು ಕೂಗುತ್ತಾನೆ. ನನಗೆ ಪರಿಚಯವಿರುವ ಇನ್ನೊಬ್ಬನೂ ಹಾಗೇ.

ಶಟರಿನ ಸುದ್ದಿ. ಬೂಟ್ ಪಾಲಿಶ್ ನಿನ್ನ ಎನಾಮೆಲ್ ಮೇಲೆ ನಿಲ್ಲಲಿಲ್ಲ. ಬಿಸಿಲಿಗೆ ಕರಗಿ, ಮಳೆಗೆ ತೊಳೆದುಹೋಗಿ, ಹೋದ ವರ್ಷವೇ ‘ಎಷ್ಟು ದಿನ ನಡೆಯುತ್ತೋ’ ಎಂಬಷ್ಟು ಎದ್ದು ಕಾಣತೊಡಗಿತ್ತು. ನಾನು ಮತ್ತೆ ಬಳಿಯಲಿಲ್ಲ. ಸೋಮಾರಿತನ, ಬೇರೆ ಏನೂ ಅಲ್ಲ. ದಿನಾ ಬೆಳಿಗ್ಗೆ ಅದನ್ನು ಓದಿ, ಹಲ್ಲು ಕಚ್ಚಿ, ಶಟರ್ ಎತ್ತಿ, ಅಂಗಡಿ ನಡೆಸಿದ್ದೇನೆ. ನಿನ್ನ ಮೇಲಿನ ಸಿಟ್ಟಿಗೇ ಅದು ಇಷ್ಟು ದಿನ ನಡೆದಿದೆ. ಧನ್ಯವಾದ ಹೇಳುತ್ತಿಲ್ಲ, ವರದಿ ಒಪ್ಪಿಸುತ್ತಿದ್ದೇನೆ.

ಆಪರೇಷನ್ ಮುಂದಿನ ಗುರುವಾರ. ಹೊರಗಿನ ಬೆಂಚಿನಲ್ಲಿ ಮನೆಯವರು ಒಬ್ಬರು ಕೂತಿರಲೇಬೇಕಂತೆ. ಅಮ್ಮನಿಗೆ ಆಸ್ಪತ್ರೆ ವಾಸನೆಗೆ ತಲೆ ತಿರುಗುತ್ತದೆ. ಅವಳನ್ನು ನೋಡಿಕೊಳ್ಳಲು ಇನ್ನೊಬ್ಬರು ಬೇಕು. ಕೀಲಿಕೈಯವನು “ನಾನ್ ಬರ್ತೀನಿ ಬಿಡಕ್ಕ” ಎಂದಿದ್ದಾನೆ. ಆದರೆ ಪ್ರಜ್ಞೆ ತಪ್ಪಿಸುವ ತನಕ ಅವನು ಮಾತು ನಿಲ್ಲಿಸುವುದಿಲ್ಲ. ನನ್ನ ಎಡಗಿವಿಗೆ ಕೊನೆಯದಾಗಿ ಬೀಳುವ ದನಿ ಅವನದಾಗುವುದು ನನಗೆ ಸಮ್ಮತವಿಲ್ಲ. ನಿನ್ನದೂ ಅಂಥ ಹೇಳಿಕೊಳ್ಳುವ ದನಿಯೇನಲ್ಲ. ಆದರೆ ಬೈಯುವುದಕ್ಕೆ ಅಭ್ಯಾಸವಾದ ದನಿ. ಕೂರುವಾಗ ಎಡಗಡೆ ಕೂರು.

ಬುಧವಾರವೇ ಬಂದುಬಿಡು, ಬೆಳಕಿರುವಾಗ. ಶಟರಿನಲ್ಲಿ ನಿನ್ನ ಸಾಲಿನ ಮೇಲೆ ಜಾಗ ಖಾಲಿ ಇದೆ. ನನ್ನ ಸಾಲು ಅಲ್ಲಿ ಬರಬೇಕು, ಅದೇ ಅಳತೆ, ಅದೇ ಬೂದು ನೆರಳು. ನಾನು ಪಕ್ಕದಲ್ಲೇ ನಿಂತು ಒಂದೊಂದು ಅಕ್ಷರ ಹೇಳುತ್ತೇನೆ. ಬಾಯಿಪಾಠ ಇದೆ ಎಂಬ ಮಾತು ಈ ಸಲ ನಡೆಯುವುದಿಲ್ಲ.

ಫೋನಿನ ತಡೆ ತೆಗೆದಿಲ್ಲ. ಎಲ್ಲಿ ತೆಗೆಯುವುದೆಂದು ಗೊತ್ತಾಗುತ್ತಿಲ್ಲ. ಬಂದಾಗ ಅಮ್ಮನನ್ನು ಕೇಳೋಣ.

ಎಡದ ತಟ್ಟೆಯಿಂದ,
ಅಕ್ಕ

ಮರೆತೆ: ಬರುವಾಗ ಬಿಳಿ ಎನಾಮೆಲ್ ಒಂದು ಸಣ್ಣ ಡಬ್ಬಿ ತಾ. ಕುಂಚವೂ ಬೇಕು, ಆವತ್ತು ನೀನು ಬಿಟ್ಟು ಓಡಿದ್ದು ಕಲ್ಲಿನಂತೆ ಗಟ್ಟಿಯಾಗಿದೆ, ಬಾಗಿಲಿಗೆ ಒತ್ತು ಕೊಡಲು ಇಟ್ಟುಕೊಂಡಿದ್ದೇನೆ. ಡಬ್ಬಿಯ ಮುಚ್ಚಳ ಬಿಗಿಯಾಗಿದೆಯೇ ಎಂದು ಎರಡು ಸಲ ನೋಡಿ ಚೀಲಕ್ಕೆ ಹಾಕು, ಅದೇ ಚೀಲದಲ್ಲಿ ಅಮ್ಮನ ಸೀರೆ ಇರುತ್ತದೆ.